ಜರ್ಮನಿ ಗೆದ್ದರೆ ಮದುವೆ, ಇಂಗ್ಲೆಂಡ್ ಗೆದ್ದರೆ ಮದುವೆ

೧

ಇದನ್ನು ಎಲ್ಲಿಂದ ಹಿಡಿಯುವುದು, ಬಾಲದಿಂದಲೋ ಕೊಂಬಿನಿಂದಲೋ? ಎಡಿಟರ್ ಕೇಳಿದ್ದು ಲೇಖನ. "ಎರಡು ಮಹಾಶಕ್ತಿಗಳ ಆರ್ಥಿಕ ಮತ್ತು ಸೈನಿಕ ಬಲಾಬಲ, ಒಂದು ತುಲನೆ. ಟೇಬಲ್ ಇರಲಿ, ಒಂದೆರಡು ಗ್ರಾಫ್ ಇದ್ದರೆ ಇನ್ನೂ ಚೆಂದ" ಎಂದಿದ್ದರು. ನಾನು ಹೂಂ ಅಂದೆ. ಹೂಂ ಅನ್ನುವುದು ನನಗೆ ಹುಟ್ಟಿನಿಂದ ಬಂದ ರೋಗ. ಆಮೇಲೆ ಕೂತು ಬರೆಯಲು ನೋಡಿದರೆ ಮೊದಲ ವಾಕ್ಯ ಮುಗಿಯುವುದರೊಳಗೆ ಕಣ್ಣು ಎಳೆಯತೊಡಗಿತು. ಬರೆಯುವವನಿಗೇ ಆಕಳಿಕೆ ಬಂದರೆ ಓದುವವರ ಪಾಡು ಶಿವನಿಗೇ ಪ್ರೀತಿ.

ಆ ಮೊದಲ ವಾಕ್ಯವನ್ನು ನಿಮಗೂ ತೋರಿಸಿಬಿಡುತ್ತೇನೆ: "೧೯೪೦ರ ಹೊತ್ತಿಗೆ ಇಂಗ್ಲೆಂಡಿನ ನೌಕಾಬಲ ಜರ್ಮನಿಯದಕ್ಕಿಂತ ಬಹಳ ದೊಡ್ಡದಾಗಿತ್ತು, ಆದರೆ ನೆಲದ ಮೇಲಿನ ಯುದ್ಧದಲ್ಲಿ ಜರ್ಮನಿಯದೇ ಮೇಲುಗೈ." ತಪ್ಪಿಲ್ಲ. ಜೀವವೂ ಇಲ್ಲ. ಹೊಡೆದು ಹಾಕಿದೆ.

ಎರಡನೆಯ ಡ್ರಾಫ್ಟಿಗೆ ಜೀವ ಬರಲಿ ಎಂದು ಒಂದು ಊರು ಹಾಕಿದೆ. ಕುಷ್ಟಗಿ. ಊರು ಬಂದ ಮೇಲೆ ಮನೆ ಬೇಕಲ್ಲ, ಹಾಕಿದೆ. ಮನೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಇಬ್ಬರು ಗಂಡಸರು, ಅವರ ಬಾಯಲ್ಲಿ ಎಲೆ ಅಡಿಕೆ, ಎಲೆ ಅಡಿಕೆಯ ಸಂದಿಯಲ್ಲಿ ಜರ್ಮನಿ ಮತ್ತು ಇಂಗ್ಲೆಂಡ್. ಇನ್ನೇನು, ನನ್ನ ಟೇಬಲ್ಲನ್ನು ಇವರ ಬಾಯಿಂದಲೇ ಒದರಿಸಿ ಎಡಿಟರಿಗೆ ಕಳಿಸಿಬಿಡಬಹುದು ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಬಾಗಿಲಿಗೆ ಬಂದು ನಿಂತಳು. ನಾನು ಅವಳನ್ನು ಕರೆದಿರಲಿಲ್ಲ.

"ಅವರ ಮಾತು ಬರಕೊಳ್ಳಾಕತ್ತೀರೇನ್ರಿ?" ಅಂದಳು.

"ಹೌದವ್ವ."

"ಬರಕೊಳ್ರಿ, ಬರಕೊಳ್ರಿ. ಅದರ ಬುಡಕ ನನ್ನ ಮದುವಿ ಸಿಕ್ಕೊಂಡೈತಿ. ಸ್ವಲ್ಪ ನೋಡಿ ಕಾಲಿಡ್ರಿ."

ಹೆಸರು ಕೇಳಿದೆ. ಶೇಖರಮ್ಮ ಅಂದಳು. ಇದು ಇನ್ನು ಲೇಖನವಾಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

೨

ನೆಟ್ಟಗೆ ಹೇಳುತ್ತೇನೆ. (ನೆಟ್ಟಗೆ ಹೇಳುವುದು ಇಂಥ ಕಥೆಗಳ ಜಾತಿಗೆ ಅವಮಾನ. ಇರಲಿ, ಸುತ್ತಿ ಬಳಸಿ ಹೇಳುವಷ್ಟು ತ್ರಾಣ ಇವತ್ತು ನನ್ನಲ್ಲಿಲ್ಲ.)

ಶೇಖರಮ್ಮ ಕುಷ್ಟಗಿಯ ದೇವೇಂದ್ರಪ್ಪನ ಮಗಳು. ದೇವೇಂದ್ರಪ್ಪನದು ಹತ್ತಿಯ ವ್ಯಾಪಾರ; ಸುತ್ತಲ ಹಳ್ಳಿಗಳ ಹತ್ತಿ ಕೊಂಡು ಬಂಡಿ ಕಟ್ಟಿಸಿ ಕೊಪ್ಪಳದ ಸ್ಟೇಶನ್ನಿಗೆ ಸಾಗಿಸುತ್ತಿದ್ದ. ಯಲಬುರ್ಗಿ ಕಡೆಯ ಬೇವೂರಿನ ಕೊಟ್ರಬಸಪ್ಪನದೂ ಅದೇ ವ್ಯಾಪಾರ. ಒಂದೇ ಕಸುಬಿನವರು ಹಾವು ಮುಂಗುಸಿಯ ಹಾಗಿರಬೇಕು, ಇವರು ಹಾಗಿರಲಿಲ್ಲ. ಒಬ್ಬನ ಎತ್ತು ಕುಂಟಿದರೆ ಇನ್ನೊಬ್ಬ ಕೇಳದೆಯೇ ತನ್ನ ಎತ್ತು ಹೂಡಿ ಕಳಿಸುತ್ತಿದ್ದ. ಈ ಗೆಳೆತನ ಬೀಗತನವೂ ಆಗಲಿ ಎಂದು ಇಬ್ಬರಿಗೂ ಆಸೆ.

೧೯೪೦ರ ಜೂನಿನಲ್ಲಿ, ಮಿರಗದ ಮಳೆಯ ಹೊತ್ತಿಗೆ, ಶೇಖರಮ್ಮನನ್ನು ಕೊಟ್ರಬಸಪ್ಪನ ಮಗ ಹಂಪಣ್ಣನಿಗೆ ಗಟ್ಟಿ ಮಾಡಿದರು. ಕುಷ್ಟಗಿಯ ಮನೆಯಲ್ಲಿ ಹಿರಿಯರು ಕೂತು ಎಲ್ಲರ ಬಾಯಿಗೆ ಸಕ್ಕರೆ ಹಾಕಿದರು. ಈ ಸೀಮೆಯಲ್ಲಿ ಸಕ್ಕರೆ ತಿಂದ ಮೇಲೆ ಮುಗಿಯಿತು, ಹುಡುಗಿ ಆ ಮನೆಯವಳೇ; ಅಕ್ಕಿಕಾಳು ಬೀಳುವುದಷ್ಟೇ ಬಾಕಿ. ಬೇರೆ ಯಾರೂ ಅವಳನ್ನು ಕೇಳಿಕೊಂಡು ಬರುವಂತಿಲ್ಲ. ಬಿಡಿಸಿಕೊಳ್ಳಬೇಕೆಂದರೆ ಒಂದು ಕಡೆಯ ಹಿರಿಯರು ನಾಲ್ಕು ಜನರ ಮುಂದೆ "ಮಾತು ಬಿಟ್ಟೆವು" ಅನ್ನಬೇಕು. ಮೊದಲು ಅಂದವರ ಮರ್ಯಾದೆ ಮೂರಾಬಟ್ಟೆ.

ಶೇಖರಮ್ಮ ಅಡುಗೆಮನೆಯ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದಳು. ಅವಳವ್ವ ವಿರೂಪಾಕ್ಷಮ್ಮ ಅವನ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಳು; ಸಾಕು ಅನ್ನಲು ನಾಚಿಕೊಂಡು ಅವನು ತುಪ್ಪದಲ್ಲೇ ಮುಳುಗಿದ್ದ ಹೋಳಿಗೆಯನ್ನು ಬೆವರು ಒರೆಸಿಕೊಂಡು ತಿಂದು ಮುಗಿಸಿದ. ಅಯ್ಯೋ ಪಾಪ ಅನಿಸಿತು ಅವಳಿಗೆ. ನಗುವೂ ಬಂತು. ಹಿಡಿಸಿದ. ಅಷ್ಟು ಸಾಕಿತ್ತು ಅವಳಿಗೆ.

೩

ಊಟ ಮುಗಿಸಿ ಬೀಗರಿಬ್ಬರೂ ಕಟ್ಟೆಗೆ ಬಂದರು. ಅಲ್ಲಿಗೆ ದರ್ಜಿ ಜಿಲಾನಸಾಬ ಬಂದ. ಜಿಲಾನಸಾಬ ಓಣಿಗೆಲ್ಲ ಅಂಗಿ ಹೊಲಿಯುವವ, ಓಣಿಗೆಲ್ಲ ಸುದ್ದಿ ಓದುವವನೂ ಅವನೇ. ಹೈದರಾಬಾದಿನ ಉರ್ದು ಪೇಪರು ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಅಲ್ಲಿಂದ ಮೋಟಾರಿನಲ್ಲಿ ಕುಷ್ಟಗಿಗೆ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಆದರೂ ಬಿಸಿ ಬಿಸಿಯಾಗಿಯೇ ಓದುತ್ತಿದ್ದ.

"ಸಾವ್ಕಾರ್ರ, ಫ್ರಾನ್ಸ್ ಬಿತ್ತಂತ್ರಿ," ಅಂದ.

ದೇವೇಂದ್ರಪ್ಪ ತೊಡೆ ತಟ್ಟಿದ. "ಬಿತ್ತಲ್ಲೋ ಕೊಟ್ರಾ! ಇನ್ನ ಇಂಗ್ಲಂಡ ಎಷ್ಟರದು? ಜರ್ಮನಿ ಮುಂದ ಅದು ಎಲಿಮ್ಯಾಗಿನ ಉಪ್ಪು."

"ಏ ಸುಮ್ನಿರು. ಅರ್ಧ ಪ್ರಪಂಚ ಇಂಗ್ಲಂಡದವರ ಕೈಯಾಗೈತಿ. ಹಡಗ ಅವರವು. ಮಿಲ್ಲು ಅವರವು. ನಾವು ನೀವು ಕೊಪ್ಪಳಕ್ಕ ಒಯ್ಯೂ ಹತ್ತಿ ಕಡೀಕ ಯಾರ ಮಿಲ್ಲಿಗಿ ಹೊಕ್ಕೈತಿ? ರೊಕ್ಕ ಇದ್ದಾವ ಗೆಲ್ತಾನ, ನೋಡಕೋತ ಇರು."

"ರೊಕ್ಕ! ಇಳಕಲ್ಲಿಗಿ ಹೋಗಿ ನೇಕಾರ್ರನ್ನ ಕೇಳು. ಜರ್ಮನಿ ಬಣ್ಣ ಬರೂದು ನಿಂತಮ್ಯಾಲ ಸೀರಿಗಿ ಬಣ್ಣ ಹಿಡೀವಲ್ದಂತ. ಅಂಥಾ ಬಣ್ಣ ಇಂಗ್ಲಂಡಕ್ಕ ಬರತೈತೇನು?" ದೇವೇಂದ್ರಪ್ಪ ಒಳಗೆ ಕೂಗಿದ, "ಶೇಖವ್ವಾ, ಆ ಜರ್ಮನ್ ಬೋಗಾಣಿ ತಾರಬೇ!"

(ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಅನ್ನುವುದು ವಾಡಿಕೆ. ವಿರೂಪಾಕ್ಷಮ್ಮ ಆ ಬೋಗಾಣಿಯನ್ನು ಹೊಸದಾಗಿ ಕೊಂಡಿದ್ದಳು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.)

ಶೇಖರಮ್ಮ ಹೊಸ್ತಿಲೊಳಗಿಂದಲೇ ಕೊಟ್ಟು ಬಾಗಿಲ ಹಿಂದೆ ನಿಂತಳು. ದೇವೇಂದ್ರಪ್ಪ ಅದನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದ. "ನೋಡು, ಎಷ್ಟ ಹಗುರ. ಎಷ್ಟ ಗಟ್ಟಿ. ಅವರ ಹಾರೂ ಇಮಾನನೂ ಇದರಾಗ ಮಾಡ್ತಾರಂತ."

"ಗಟ್ಟಿ ಐತಂತಿ?"

"ಐತಂತೀನಿ."

ಕೊಟ್ರಬಸಪ್ಪ ಬೋಗಾಣಿ ಇಸಿದುಕೊಂಡು ಕಟ್ಟೆಯ ಕಲ್ಲಿಗೆ ಒಂದು ಕುಟ್ಟಿದ. ನೆಗ್ಗಿತು. ನೆಗ್ಗದೆ ಏನು ಮಾಡೀತು? ಕೊಟ್ರಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕೂತವರೆಲ್ಲ ನಕ್ಕರು. ಜಿಲಾನಸಾಬ ಪೇಪರಿನ ಮರೆಯಲ್ಲಿ ನಕ್ಕ. ದೇವೇಂದ್ರಪ್ಪನ ಮುಖ ಕಪ್ಪಾಯಿತು.

"ಬೀಗರ ಮನಿಗಿ ಬಂದು ಭಾಂಡೆ ನೆಗ್ಗಸ್ತೀಯೇನು?"

"ನಾ ನೆಗ್ಗಿಸಿದ್ದು ಜರ್ಮನಿನ."

ಅಷ್ಟಕ್ಕೇ. ನಾನು ಈ ಜಾಗದಲ್ಲಿ ದೊಡ್ಡ ಕಾರಣ ಏನಾದರೂ ಸಿಕ್ಕೀತೇ ಎಂದು ಬಹಳ ಹುಡುಕಿದೆ. ಹಳೆಯ ವೈರ, ಹೊಲದ ತಕರಾರು, ಏನಾದರೂ. ಏನೂ ಇರಲಿಲ್ಲ. ದೇವೇಂದ್ರಪ್ಪ ಎದ್ದುನಿಂತು, ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದ.

"ಲಿಂಗದಾಣಿ. ಜರ್ಮನಿ ಗೆದ್ದ ಸುದ್ದಿ ಬರೂತನ ನಿನ್ನ ಹೊಸ್ತಿಲಾ ತುಳಿಯೂದಿಲ್ಲ. ನನ್ನ ಮಗಳನ್ನ ನಿನ್ನ ಮನಿಗಿ ಕಳಸೂದಿಲ್ಲ."

ಕೊಟ್ರಬಸಪ್ಪನೂ ಎದ್ದ. ಅವನೂ ಲಿಂಗ ಹಿಡಿದ. "ನಂದೂ ಲಿಂಗದಾಣಿ. ಇಂಗ್ಲಂಡ ಗೆದ್ದ ಸುದ್ದಿ ಬರೂತನ ನಾ ನಿನ್ನ ಹೊಸ್ತಿಲಾ ತುಳಿಯೂದಿಲ್ಲ. ನಿನ್ನ ಮಗಳನ್ನ ಮನಿ ತುಂಬಿಸಿಕೊಳ್ಳೂದಿಲ್ಲ."

ನೂರು ಮಾತು ಆಡಬಹುದು, ತಿನ್ನಬಹುದು; ಲಿಂಗ ಹಿಡಿದು ಆಡಿದ್ದನ್ನು ತಿನ್ನಲು ಬರುವುದಿಲ್ಲ. ಬಾಗಿಲ ಹಿಂದೆ ಶೇಖರಮ್ಮನ ಬಾಯಲ್ಲಿ ಸಕ್ಕರೆಯ ಸಿಹಿ ಇನ್ನೂ ಹಾಗೇ ಇತ್ತು.

೪

"ಲಡಾಯಿ ಮುಗದ ಕೂಡ್ಲೆ ಮದುವಿ" ಎಂದು ಊರು ಸಮಾಧಾನ ಹೇಳಿತು. ಎಷ್ಟು ದಿನ ನಡೆದೀತು? ಸುಗ್ಗಿಯ ತನಕ. ಸುಗ್ಗಿ ಬಂತು, ಹೋಯಿತು. ಯುಗಾದಿಯ ತನಕ. ಯುಗಾದಿಯೂ ಹೋಯಿತು.

ಅಷ್ಟರಲ್ಲಿ ದೇವೇಂದ್ರಪ್ಪ ತುಲನೆಯ ಶಾಸ್ತ್ರವನ್ನೇ ಕಟ್ಟಿಬಿಟ್ಟಿದ್ದ. ಪಡಸಾಲೆಯಲ್ಲಿ ಎರಡು ಗಡಿಗೆ ಇಟ್ಟ. ಒಂದು ಜರ್ಮನಿ, ಒಂದು ಇಂಗ್ಲೆಂಡ್. ಜಿಲಾನಸಾಬ ಪೇಪರು ಓದುವನು. ಯಾರ ಹಡಗು ಮುಳುಗಿತು, ಯಾರ ಊರು ಸುಟ್ಟಿತು, ಯಾರಿಗೆ ಎಲ್ಲಿಯ ಎಣ್ಣೆಬಾವಿ ಸಿಕ್ಕಿತು ಎಂದು ಕೇಳಿ ದೇವೇಂದ್ರಪ್ಪ ಗೆದ್ದವರ ಗಡಿಗೆಗೆ ಹಿಡಿ ಹಿಡಿ ಜೋಳ ಹಾಕುವನು. ಜರ್ಮನಿಗೆ ಹಾಕುವಾಗ ಹಿಡಿ ತುಸು ದೊಡ್ಡದಾಗುತ್ತಿತ್ತು ಎಂದು ಶೇಖರಮ್ಮ ಹೇಳುತ್ತಾಳೆ. ಆರ್ಥಿಕ ತಜ್ಞರೂ ಇದನ್ನೇ ಮಾಡುತ್ತಾರೆ, ಅವರಿಗೆ ಗಡಿಗೆ ಮಾತ್ರ ಇರುವುದಿಲ್ಲ.

ನನಗೂ ಎಡಿಟರ್ ನೆನಪಾದರು. ಇಲ್ಲಿಯೇ ಟೇಬಲ್ ಸೇರಿಸಿಬಿಡೋಣ ಎಂದು ಗೆರೆ ಎಳೆದೆ. ಉಕ್ಕು, ಕಲ್ಲಿದ್ದಲು, ಹಡಗು, ವಿಮಾನ, ಜನಸಂಖ್ಯೆ; ಆ ಕಡೆ ಜರ್ಮನಿ, ಈ ಕಡೆ ಇಂಗ್ಲೆಂಡ್. ಶೇಖರಮ್ಮ ಬಂದು ನನ್ನ ಹಾಳೆಯ ಮೇಲೆ ಬಗ್ಗಿದಳು.

"ಇದರಾಗ ನಾ ಎಲ್ಲಿ ಅದೀನ್ರಿ?"

"ನೀನು ಇದರಲ್ಲಿ ಬರುವುದಿಲ್ಲವ್ವ. ಇದು ಅಂಕಿಸಂಖ್ಯೆ."

"ಹಂಗಾರ ಒಂದ ಸಾಲು ಎಳೀರಿ. ನನ್ನ ಓರಿಗಿ ಗೆಳತ್ಯಾರ ಕೂಸುಗಳು ಸಾಲಿಗಿ ಹೋಗೂವಷ್ಟು ಆದುವು ಅಂತ ಬರೀರಿ. ಆ ಕಡೆನೂ ಅದನ್ನ ಬರೀರಿ, ಈ ಕಡೆನೂ ಅದನ್ನ ಬರೀರಿ."

ಟೇಬಲ್ಲನ್ನು ಹರಿದೆ.

ಯುದ್ಧ ನಮ್ಮ ಕಡೆಗೆ ಬಂದದ್ದು ಬಂದೂಕಿನ ರೂಪದಲ್ಲಲ್ಲ. ಚಿಮಣಿ ಎಣ್ಣೆ ಸಿಗದಾಯಿತು. ಧೋತರಕ್ಕೆ ಸಾಲು ನಿಲ್ಲಬೇಕಾಯಿತು. ಸರಕಾರದವರು ಬಂದು ಲೆವಿ ಎಂದು ನೆಲದಡಿಯ ಹಗೇವಿನಲ್ಲಿಟ್ಟ ಜೋಳ ಅಳೆದುಕೊಂಡು ಹೋದರು. ಮಳೆಯೂ ಕೈ ಕೊಟ್ಟ ಆ ವರ್ಷ ಒಂದು ಮಧ್ಯಾಹ್ನ ದೇವೇಂದ್ರಪ್ಪ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಪಡಸಾಲೆಯ ಕಡೆ ನೋಡಿದ. ಗಡಿಗೆಗಳು ಬೋರಲಾಗಿದ್ದವು.

"ಏ ಇಕಿನ! ಜರ್ಮನಿ ಎಲ್ಲಿ?"

"ನಿಮ್ಮ ಗಂಗಾಳದಾಗ ಐತಿ," ಅಂದಳು ವಿರೂಪಾಕ್ಷಮ್ಮ. "ಇಂಗ್ಲಂಡನೂ ಅದರಾಗ ಐತಿ. ಎರಡೂ ಕೂಡಿಸಿ ಬೀಸೇನಿ. ಉಣ್ರಿ ಸುಮ್ನ."

ದೇವೇಂದ್ರಪ್ಪ ಸ್ವಲ್ಪ ಹೊತ್ತು ರೊಟ್ಟಿಯನ್ನೇ ನೋಡಿದ. ಆಮೇಲೆ ಉಂಡ. ಹಸಿವಾಗಿತ್ತು.

೫ (ಬಿಟ್ಟ ಡ್ರಾಫ್ಟ್)

ಕಥೆ ಜಗ್ಗುತ್ತಿದೆ ಅನ್ನುತ್ತೀರಿ. ಯುದ್ಧವೂ ಜಗ್ಗುತ್ತಿತ್ತು, ನಾನೇನು ಮಾಡಲಿ? ಬಿಸಿ ಏರಿಸಲು ಹಂಪಣ್ಣನನ್ನು ಫೌಜಿಗೆ ಸೇರಿಸಿದೆ. ಬಳ್ಳಾರಿಯಲ್ಲಿ ಭರ್ತಿ, ಅಲ್ಲಿಂದ ಹಡಗು, ಮರುಭೂಮಿ, ಗುಂಡು, ಸಾಯುವಾಗ ಶೇಖರಮ್ಮನ ಹೆಸರು. ಎರಡು ಪುಟ ಬರೆದೆ, ನನಗೇ ಕಣ್ಣು ತುಂಬಿತು.

ಶೇಖರಮ್ಮ ಓದಿಸಿಕೊಂಡು ಕೇಳಿದಳು. ಕೇಳಿ, "ಬಂಡಿ ಹೂಡಾಕ ಅಪ್ಪನ್ನ ಕೇಳಾಂವ ದಂಡಿಗಿ ಹೊಕ್ಕಾನೇನ್ರಿ?" ಅಂದಳು. "ಅವನ್ನ ಸುಮ್ನ ಸಾಯಿಸಬ್ಯಾಡ್ರಿ. ಅವಗ ಏನೂ ಆಗಿಲ್ಲ. ಅದ ನನ್ನ ತ್ರಾಸು."

೬

ಅವಳು ಅವನನ್ನು ಒಮ್ಮೆ ಮಾತಾಡಿಸಿದ್ದಳು. ಕುಷ್ಟಗಿಯ ಸಂತೆಯಲ್ಲಿ ಹಂಪಣ್ಣ ಹಗ್ಗ ಕೊಳ್ಳುತ್ತ ನಿಂತಿದ್ದ. ಮೀಸೆ ದಪ್ಪವಾಗಿತ್ತು, ಮುಖ ಸಣ್ಣದಾಗಿತ್ತು. ಆ ವರ್ಷವೇ ಅವನ ತಾಯಿ ಜ್ವರದಲ್ಲಿ ತೀರಿಹೋಗಿದ್ದಳು. ದೇವೇಂದ್ರಪ್ಪ ಸುದ್ದಿ ಕೇಳಿದವನೇ ಬೇವೂರಿಗೆ ಹೋಗಿ, ಆಣೆಗೆ ಅಂಜಿ ಹೊಸ್ತಿಲ ಹೊರಗೇ ನಿಂತು ಅತ್ತು, ಮಣ್ಣು ಕೊಟ್ಟು, ಅಲ್ಲಿ ನೀರೂ ಕುಡಿಯದೆ ಬಂದಿದ್ದ.

"ರೊಟ್ಟಿ ಯಾರ ಬಡೀತಾರ ಮನಿಯಾಗ?" ಎಂದು ಕೇಳಿದಳು ಶೇಖರಮ್ಮ.

"ಅಪ್ಪ ಬಡೀತಾನ. ದಪ್ಪಾಕ್ಕಾವು."

"ಹಿಂಗ ಎಷ್ಟ ದಿನ ಅಂತೀನಿ?"

ಅವನು ಹಗ್ಗದ ತುದಿಯನ್ನು ಬಿಚ್ಚಿದ, ಹೊಸೆದ, ಮತ್ತೆ ಬಿಚ್ಚಿದ. "ಅಪ್ಪನ ಆಣಿ ಐತಿ. ನಾ ಏನ ಮಾಡ್ಲಿ? ಇಂಗ್ಲಂಡ ಗೆಲ್ತೈತಿ ಅಂತ ಅಂತಾನ ಅಪ್ಪ."

"ನೀ ಏನಂತಿ?"

"ನಾನೂ ಅದನ್ನ ಅಂತೀನಿ."

ಅಯ್ಯೋ ಪಾಪ ಅನಿಸಲಿಲ್ಲ ಈ ಸಲ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿ ಉಳ್ಳಾಗಡ್ಡಿ ಕೊಂಡು ಮನೆಗೆ ಬಂದಳು.

ಅದಾದ ಕೆಲವು ದಿನಕ್ಕೆ ಜಿಲಾನಸಾಬನ ಹೆಂಡತಿ ಅಮೀನಾಬೀ ಜೋಳ ಬೀಸಲು ಇವರ ಮನೆಗೆ ಬಂದಳು. ಅವರ ಬೀಸುಕಲ್ಲು ಸವೆದು ನುಣುಪಾಗಿತ್ತು, ಮುಳ್ಳು ಹೊಡೆಸಿ ಒರಟು ಮಾಡಿಸಲು ಕೊಟ್ಟಿದ್ದರು. ಇಬ್ಬರೂ ಎದುರುಬದುರು ಕೂತು ಬೀಸುತ್ತಿದ್ದರು.

"ಇನ್ನ ಭಾಳ ದಿನ ಇಲ್ಲಂತ ಬೇಟಿ," ಅಂದಳು ಅಮೀನಾಬೀ. "ನಮ್ಮನಿಯವ್ರು ಅಖಬಾರ ನೋಡಿ ಹೇಳಾಕತ್ತಿದ್ರು. ಯಾರರ ಒಬ್ರು ಗೆಲ್ತಾರ, ಲಡಾಯಿ ಮುಗೀತೈತಿ, ನಿನ್ನ ಮದುವಿ ಆಕ್ಕೈತಿ."

"ಯಾರ ಗೆಲ್ತಾರಂತ ಚಾಚಿ?"

"ಯಾರರ ಗೆಲ್ಲವಲ್ರ್ಯಾಕ. ನಿನಗೇನು?"

ಶೇಖರಮ್ಮನ ಕೈ ಗೂಟದ ಮೇಲೆ ನಿಂತುಬಿಟ್ಟಿತು. ಕಲ್ಲು ನಿಂತಿತು. ಅಮೀನಾಬೀ ಮುಖ ಎತ್ತಿ ನೋಡಿದಳು.

"ಚಾಚಿ, ಇಂಗ್ಲಂಡ ಗೆದ್ರ ನಮ್ಮಪ್ಪನ ಆಣಿ ಉಳೀತು. ಅವ ಜರ್ಮನಿ ಗೆಲ್ಲೂತನ ಕಳಸೂದಿಲ್ಲ ಅಂದಾನ. ಜರ್ಮನಿ ಗೆದ್ರ ಮಾಂವನ ಆಣಿ ಉಳೀತು. ಅವ ಇಂಗ್ಲಂಡ ಗೆಲ್ಲೂತನ ತುಂಬಿಸಿಕೊಳ್ಳೂದಿಲ್ಲ ಅಂದಾನ. ಯಾರ ಗೆದ್ರೂ ಒಬ್ಬರ ಆಣಿ ಉಳೀತಲ್ಲ!"

ಅಮೀನಾಬೀ ಬಾಯಿಗೆ ಸೆರಗು ಒತ್ತಿಕೊಂಡಳು. "ಯಾ ಅಲ್ಲಾ. ಇಷ್ಟ ವರ್ಸ ಯಾರಿಗೂ ಹೊಳೀಲಿಲ್ಲೇನ ಬೇಟಿ ಇದು?"

ಇಲ್ಲ, ಹೊಳೆದಿರಲಿಲ್ಲ. ಹಿರಿಯರಿಗೆ, ಊರಿಗೆ, ಸುದ್ದಿ ಓದಿದ ಜಿಲಾನಸಾಬನಿಗೆ, ಹಿಡಿ ಹಿಡಿ ಜೋಳ ಹಾಕಿದ ದೇವೇಂದ್ರಪ್ಪನಿಗೆ, ಯಾರಿಗೂ ಹೊಳೆದಿರಲಿಲ್ಲ. ಯಾರು ಬಲಶಾಲಿ ಎಂದು ನೋಡುವುದರಲ್ಲೇ ಎಲ್ಲರೂ ಮುಳುಗಿದ್ದರು. (ನಿಮಗೆ ಆಗಲೇ ಹೊಳೆದಿತ್ತೇ? ಹೊಳೆದಿದ್ದರೆ ಅವಳಿಗೆ ಹೇಳಬಾರದಿತ್ತೇ?)

ಅಂದು ಸಂಜೆ ಅವಳು ಅಪ್ಪನ ಮುಂದೆ ನಿಂತು ಇದನ್ನೇ ಹೇಳಿದಳು. ದೇವೇಂದ್ರಪ್ಪ ಮೊದಲು ನಕ್ಕ. ಆಮೇಲೆ ಬೆರಳು ಮಡಚಿ ಬಿಚ್ಚಿ ನೋಡಿದ. ಆಮೇಲೆ ನಗಲಿಲ್ಲ.

"ಜರ್ಮನಿ ಗೆಲ್ತೈತಿ ಬಿಡವಾ. ಆಮ್ಯಾಲ ಕೊಟ್ರಗ ನಾ ತಿಳಿಸಿ ಹೇಳ್ತೀನಿ, ಆಣಿ ಬಿಡು ಅಂತ."

"ಅವ ಬಿಟ್ಟಾನ? ನೀ ಆದ್ರ ಬಿಡ್ತೀಯೇನಪ್ಪಾ?"

ದೇವೇಂದ್ರಪ್ಪ ಎಲೆ ಅಡಿಕೆಯ ಚೀಲ ಹುಡುಕತೊಡಗಿದ. ಶೇಖರಮ್ಮ ದನದ ಮನೆಗೆ ಹೋಗಿ, ಎಮ್ಮೆಯ ಬೆನ್ನಿಗೆ ಹಣೆ ಇಟ್ಟು ಅತ್ತಳು. ಮೊದಲ ಸಲ ಅವಳಿಗೆ ಯುದ್ಧ ಮುಗಿಯುವುದೇ ಬೇಡ ಅನಿಸಿತು. ಮುಗಿಯುವ ತನಕ ಆಸೆಯಾದರೂ ಇರುತ್ತದೆ.

೭

ಮುಗಿಯಿತು. ೧೯೪೫. ಜರ್ಮನಿ ಸೋತಿತು. ಪೇಪರು ಕುಷ್ಟಗಿಗೆ ಬಂದ ದಿನವೇ ಕೊಟ್ರಬಸಪ್ಪ ಬೇವೂರಿನಿಂದ ಬಂಡಿ ಹೊಡೆದುಕೊಂಡು ಬಂದ. ಕುಣಿದುಕೊಂಡು ಬಂದಾನು ಅಂದುಕೊಂಡಿದ್ದೆ. ಅದಕ್ಕೆ ಒಳ್ಳೆಯ ಪ್ಯಾರಾ ಕೂಡ ಸಿದ್ಧ ಮಾಡಿದ್ದೆ. ಅವನು ಬಂಡಿ ಇಳಿದದ್ದೇ ಸೊಂಟ ಹಿಡಿದುಕೊಂಡು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ದೇವಾ, ನನ್ನ ಆಣಿ ತೀರಿತಪ್ಪಾ," ಅಂದ. "ಸೊಸೀನ ಕಳಿಸು. ಮನಿಯಾಗ ದೀಪ ಹಚ್ಚಾವ್ರಿಲ್ಲ."

"ನಂದು ತೀರಿಲ್ಲಲ್ಲೋ ಕೊಟ್ರಾ."

"ಇನ್ನೆಲ್ಲಿಯ ಜರ್ಮನಿ ತರ್ತಿ? ಮಣ್ಣಾಗಿ ಹೋತಲ್ಲ ಅದು!"

"ಹಂಗಂತ ಲಿಂಗ ಹಿಡದು ಆಡಿದ್ದು ಮಣ್ಣಾಕ್ಕೈತೇನು?"

ಮಠದ ಅಜ್ಜನವರ ಬಳಿ ಇಬ್ಬರೂ ಹೋದರು. ಅಜ್ಜನವರು ಕಣ್ಣು ಮುಚ್ಚಿ ಕೇಳಿ, "ಇದನ್ನ ಬಿಡಸಾಕ ನನಗ ಬರೂದಿಲ್ಲಪ್ಪಾ. ಹಿಡದಾವ್ರ ಬಿಡಬೇಕು" ಅಂದರು. ಹಾಗಾದರೆ ಸಕ್ಕರೆಯ ಮಾತನ್ನೇ ಬಿಟ್ಟುಬಿಡಿ, ಹುಡುಗಿಗೆ ಬೇರೆ ಕಡೆ ನೋಡೋಣ ಎಂದು ಯಾರೋ ಅಂದರು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನೀನು ಅನ್ನು ಎಂದು ಇಬ್ಬರೂ ಕಾದರು. ಇಬ್ಬರೂ ಅನ್ನಲಿಲ್ಲ.

ಗೆದ್ದವನೂ ದಣಿದಿದ್ದ, ಸೋತವನೂ ದಣಿದಿದ್ದ. ಬರೆಯುವ ನನಗೂ ಬೆರಳು ನೋಯುತ್ತಿದೆ. ಶೇಖರಮ್ಮನಿಗೆ ಎಷ್ಟು ದಣಿವಾಗಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

೮

ಒಂದು ವರ್ಷ ಕಳೆಯಿತು. ಕೊಟ್ರಬಸಪ್ಪ ಕೊಪ್ಪಳಕ್ಕೆ ಹತ್ತಿ ಹಾಕಿ ಬರುವಾಗ ಕುಷ್ಟಗಿಗೆ ಬರುವುದು ಮತ್ತೆ ರೂಢಿಯಾಯಿತು. ಅವನ ಆಣೆ ತೀರಿತ್ತು, ದೇವೇಂದ್ರಪ್ಪನದು ಬೇವೂರಿನ ಹೊಸ್ತಿಲಿಗಷ್ಟೇ; ಕುಷ್ಟಗಿಯ ಕಟ್ಟೆಯ ಮೇಲೆ ಕೂರಲು ಯಾವ ಆಣೆಯೂ ಅಡ್ಡ ಬರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಮೊದಮೊದಲು ಮಳೆ, ಬೆಳೆ, ಮಂಡಿನೋವು ಮಾತಾಡಿದರು. ಆಮೇಲೆ ಒಂದು ದಿನ ಜಿಲಾನಸಾಬ ಪೇಪರು ಬಿಚ್ಚಿ, "ಸಾವ್ಕಾರ್ರ, ಈಗ ದುನಿಯಾದಾಗ ದೊಡ್ಡಾವ್ರು ಇಬ್ರ ಅಂತ್ರಿ. ಅಮೇರಿಕಾ, ರಶಿಯಾ" ಅಂದ.

ಇಬ್ಬರ ಬೆನ್ನೂ ನೆಟ್ಟಗಾಯಿತು.

"ಅಮೇರಿಕಾದಂಥಾದ್ದು ಇಲ್ಲ ಬಿಡು," ಅಂದ ಕೊಟ್ರಬಸಪ್ಪ. "ಇಂಗ್ಲಂಡಕ್ಕ ಅನ್ನ ಹಾಕಿದಾವ ಅವನ. ಕಾರಖಾನಿ ಅಂತಿ, ಮೋಟಾರ ಅಂತಿ, ಬಂಗಾರ ಅಂತಿ, ಒಂದಾ ಎರಡಾ? ಮ್ಯಾಲ ಆ ಬಾಂಬು ಬ್ಯಾರೆ. ಒಂದ ಒಗದ್ರ ಒಂದ ಊರು ಇಲ್ಲ."

"ಬಾಂಬ ಇದ್ರೇನಾತು? ಕಾಲಿಡಾಕ ಮಂದಿ ಬೇಕು. ನನ್ನ ಜರ್ಮನಿನ ನೆಲಕ್ಕ ಕೆಡವಿದಾವ ಯಾರು? ರಶಿಯಾ. ಅಂದ್ರ ಗಟ್ಟಿ ಯಾರು? ಅವನ. ಅವನ ನೆಲಾ ಎಷ್ಟೈತಿ ಗೊತ್ತೈತಿ? ಈ ಕಡೆ ಹೊತ್ತು ಮುಣಗಿದ್ರ ಆ ಕಡೆ ಹೊಂಡತೈತಂತ."

ಓದುಗರೇ, ಎಡಿಟರ್ ಕೇಳಿದ್ದು ಇದನ್ನೇ! ಎರಡು ಮಹಾಶಕ್ತಿ, ಆರ್ಥಿಕ, ಸೈನಿಕ, ಎಲ್ಲ ಕಟ್ಟೆಯ ಮೇಲೆ ಪುಕ್ಕಟೆ ಬಿದ್ದಿದೆ. ಹೊಸ ಹಾಳೆ ತೆಗೆದು ಬರೆದುಕೊಳ್ಳತೊಡಗಿದೆ. ಇಬ್ಬರ ಮುಖದಲ್ಲೂ ಹಳೆಯ ಕಳೆ ಬಂದಿತ್ತು. ದನಿ ಏರಿತು. ಕೊಟ್ರಬಸಪ್ಪ ನಕ್ಕ. ದೇವೇಂದ್ರಪ್ಪ ಎದ್ದುನಿಂತ.

"ಹಂಗಾರ ಕೇಳು ಕೊಟ್ರಾ. ರಶಿಯಾ ಗೆಲ್ಲೂತನ…"

ಅವನ ಕೈ ಎದೆಯ ಮೇಲಿನ ಲಿಂಗದ ಕಡೆ ಹೋಗುತ್ತಿದೆ.

ಇಲ್ಲಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ್ದೇನೆ. ಮುಗಿಸಲು ಕೆಲವು ದಾರಿಗಳಿವೆ, ನೋಡಿ.

(ಅ) ಹಂಪಣ್ಣ ಓಡುತ್ತ ಬಂದು ಅಪ್ಪನ ಕಾಲಿಗೆ ಬೀಳುತ್ತಾನೆ, ಶೇಖರಮ್ಮನ ಕೈ ಹಿಡಿಯುತ್ತಾನೆ. ಹೂಮಳೆ. [ಹಂಪಣ್ಣ ಬೇವೂರಿನಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದಾನೆ. ಬರಲು ಹೇಳಿದರೆ ಅಪ್ಪನನ್ನು ಕೇಳಿ ಬರುತ್ತೇನೆ ಅನ್ನುತ್ತಾನೆ.]

(ಆ) ಶೇಖರಮ್ಮ ಬಾವಿಗೆ ಹಾರುತ್ತಾಳೆ. [ಇದನ್ನು ಅವಳಿಗೆ ಓದಿ ಹೇಳಿದೆ. "ನೀವ ಹಾರ್ರಿ" ಅಂದಳು.]

(ಇ) ಮುದುಕರಿಬ್ಬರೂ ಮುಂದಿನ ಮಹಾಯುದ್ಧದ ತನಕ ಕಟ್ಟೆಯ ಮೇಲೆ ಹಾಗೇ ಕೂತಿರುತ್ತಾರೆ. [ಇದು ನಿಜಕ್ಕೆ ಹತ್ತಿರ. ಅದಕ್ಕೇ ಬರೆಯಲು ಮನಸ್ಸು ಬರಲಿಲ್ಲ.]

"ಆತೇನ್ರಿ ನಿಮ್ಮದು?" ಎಂದು ಬಾಗಿಲಿಂದ ಕೇಳಿತು. "ಆಗಿದ್ರ ಸರೀರಿ ಆಕಡೆ."

೯

ಶೇಖರಮ್ಮ ಹೊಸ್ತಿಲು ದಾಟಿ ಕಟ್ಟೆಗೆ ಬಂದಳು. ಗಂಡಸರು ಕೂತ ಕಟ್ಟೆಗೆ ಅವಳು ಬಂದದ್ದು ಅದೇ ಮೊದಲು. ದೇವೇಂದ್ರಪ್ಪನ ಕೈ ಇನ್ನೂ ಅರ್ಧದಲ್ಲೇ ಇತ್ತು.

"ಕೈ ಇಳಸಪ್ಪಾ," ಅಂದಳು. "ಈ ಸಲ ನಂದು."

ಸೆರಗಿನ ಒಳಗಿನಿಂದ ತನ್ನ ಕೊರಳಿನ ಕರಡಿಗೆ ತೆಗೆದಳು. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಳು.

"ಹೆಣ್ಣಮಕ್ಕಳು ಆಣಿ ಇಡ್ತಾರೇನ ಹುಚ್ಚೀ?" ಎಂದು ಕೊಟ್ರಬಸಪ್ಪ ಗದರಿಸಿದ. ದನಿಯಲ್ಲಿ ಗಾಬರಿ ಇತ್ತು.

"ಯಾಕ ಮಾಂವಾ, ನನ್ನ ಕೊಳ್ಳಾಗಿಂದು ಲಿಂಗ ಅಲ್ಲೇನು?"

ಜಿಲಾನಸಾಬ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡ. ನಾನು ಅವಳಿಗಾಗಿ ಒಂದು ಒಳ್ಳೆಯ ಮಾತು ಬರೆದಿಟ್ಟಿದ್ದೆ, ಯುದ್ಧ, ಶಾಂತಿ, ಹೆಣ್ಣು, ಭೂಮಿ, ಎಲ್ಲ ಇತ್ತು ಅದರಲ್ಲಿ. ಅವಳು ಆ ಹಾಳೆಯ ಕಡೆ ನೋಡಲೂ ಇಲ್ಲ.

"ಲಿಂಗದಾಣಿ. ನನ್ನ ಬಾಯಿಗಿ ಸಕ್ಕರಿ ಹಾಕಿ ಕಟ್ಟಿದ ಮಾತು ನಾ ಬಿಟ್ಟೆ. ನೀವು ಇಬ್ರೂ ಬಿಡಲಿಲ್ಲ, ನಾ ಬಿಟ್ಟೆ. ಇವತ್ತಿನಿಂದ ನಾ ಯಾರ ಸೊಸಿನೂ ಅಲ್ಲ."

"ಶೇಖವ್ವಾ…" ದೇವೇಂದ್ರಪ್ಪ ಕುಸಿದು ಕೂತ.

"ಇನ್ನೂ ಮುಗದಿಲ್ಲ. ಮಾಂವಾ, ನಿಮ್ಮ ಮಗಗ ಹೇಳ್ರಿ. ಅವಗ ನಾ ಬೇಕಾಗಿದ್ರ ಅವ ಬರಲಿ. ನಿಮ್ಮನ್ನ ಕೇಳದ ಬರಲಿ. ಬಂದು ನನ್ನ ಕೇಳಲಿ. ನಾ ಹೂಂ ಅಂತೀನೋ ಒಲ್ಲೆ ಅಂತೀನೋ, ಅದು ಅವತ್ತಿನ ಮಾತು."

ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗೆ ಇಟ್ಟಳು. ಒಳಗೆ ವಿರೂಪಾಕ್ಷಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು. ದುಃಖಕ್ಕೋ, ಇನ್ಯಾತಕ್ಕೋ, ಅವಳಿಗೂ ತಿಳಿಯಲಿಲ್ಲ.

ಕೊಟ್ರಬಸಪ್ಪ ಕೆಮ್ಮಿದ. "ದೇವಾ, ಅಲ್ಲೋ, ಅವ ಬರ್ತಾನಂತೀ?"

"ನಿನ್ನ ಮಗ. ನಿನಗ ಗೊತ್ತಿರಬೇಕು."

"ನನಗ ಗೊತ್ತಿಲ್ಲೋ," ಅಂದ ಕೊಟ್ರಬಸಪ್ಪ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಈಗ ನೀವೂ ಅದನ್ನೇ ಕೇಳುತ್ತೀರಿ. ಹಂಪಣ್ಣ ಬಂದನೇ? ಬೇವೂರಿನಿಂದ ಕುಷ್ಟಗಿಗೆ ಬಂಡಿಯ ದಾರಿ ಇದೆ. ಒಂದು ಗೆರೆಯಲ್ಲಿ ಅವನನ್ನು ತರಬಲ್ಲೆ, ಇನ್ನೊಂದು ಗೆರೆಯಲ್ಲಿ ತಡೆಯಬಲ್ಲೆ. ಪೆನ್ನು ನನ್ನ ಕೈಯಲ್ಲೇ ಇದೆ. ಆದರೆ ಅವಳನ್ನು ಕೇಳದೆ ಮುಗಿಸಿದರೆ ನಾನೂ ಈ ಕಟ್ಟೆಯ ಮೇಲಿನ ಮೂರನೆಯ ಮುದುಕನಾಗುತ್ತೇನೆ. ಅದಕ್ಕೆ ಅವಳನ್ನೇ ಕೇಳೋಣ ಎಂದು ತಲೆ ಎತ್ತಿದೆ.

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಸಬರಿಗೆ ಹಿಡಿದು ನಿಂತಿದ್ದಳು. ಕಟ್ಟೆಯ ತುಂಬ ಎಲೆಯ ತೊಟ್ಟು, ಸುಣ್ಣದ ಚೂರು, ಹರಿದ ಪೇಪರು, ನನ್ನ ಹೊಡೆದು ಹಾಕಿದ ಹಾಳೆಗಳು.

"ಕಾಲ ಎತ್ರಿ," ಅಂದಳು.

ಎಲ್ಲರೂ ಕಾಲು ಎತ್ತಿದೆವು.